ಎಲ್ಲರದ್ದೂ ಇಪ್ಪತ್ತು ನಿಮಿಷ

ಫೆಬ್ರವರಿ 3

ತಂಗೀ,

ಇಲ್ಲಿ ಎಲ್ಲವೂ ಕ್ಷೇಮ, ನನ್ನ ಸೊಂಟ ಮತ್ತು ನಮ್ಮ ಲ್ಯಾಬಿನ ಮುಖ್ಯಸ್ಥೆ ಮೇಡಂ, ಇವೆರಡನ್ನು ಬಿಟ್ಟರೆ. ನಿನ್ನೆ ನೀನು ಫೋನಿನಲ್ಲಿ ಅಮ್ಮನ ಸುದ್ದಿ ಹೇಳಿದೆ. ಬಾಯಿ ತೆರೆಯುವ ಮೊದಲೇ ನಾನು ಫೋನ್ ಇಟ್ಟುಬಿಟ್ಟೆ. ತೆರೆದಿದ್ದರೆ ಏನೋ ಒಂದು ತಮಾಷೆ ಉದುರುತ್ತಿತ್ತು, ನೀನು ಬೈಯುತ್ತಿದ್ದೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದೆವು. ಆದ್ದರಿಂದ ಈ ಕಾಗದ. ಫೋನನ್ನು ಅರ್ಧಕ್ಕೆ ಇಡಬಹುದು. ಕಾಗದವನ್ನು ಅರ್ಧಕ್ಕೆ ಮಡಚಿಟ್ಟರೂ ಉಳಿದರ್ಧ ಮೇಜಿನ ಮೇಲೆ ಮುಖ ಊದಿಸಿಕೊಂಡು ಕೂತಿರುತ್ತದೆ. ಇದನ್ನು ತರುವವನು ನಿಮ್ಮ ಆಸ್ಪತ್ರೆಯಿಂದ ನಮ್ಮ ಲ್ಯಾಬಿಗೆ ಸ್ಯಾಂಪಲ್ ಸಾಗಿಸುವ ವ್ಯಾನಿನ ಡ್ರೈವರ್. ಇಲ್ಲಿ ಅವನಿಗೆ ‘ಜೆಟ್’ ಎಂದು ಹೆಸರು. ಸೈಕಲ್ಲಿನವರು ಅವನನ್ನು ಹಿಂದೆ ಹಾಕಿ ಹೋಗುವಾಗ ಕೈ ಬೀಸುತ್ತಾರಂತೆ.

ಎದೆಯಲ್ಲಿ ಗಡ್ಡೆ ಇಟ್ಟುಕೊಂಡು, ಆಪರೇಷನ್ ಥಿಯೇಟರ್ ನರ್ಸ್ ಆಗಿರುವ ಮಗಳ ಜೊತೆ ಒಂದೇ ಮನೆಯಲ್ಲಿದ್ದುಕೊಂಡು, ಅಮ್ಮ ಇಷ್ಟು ತಿಂಗಳು ಬಾಯಿ ಬಿಡಲಿಲ್ಲವಲ್ಲ! “ನಿಮಗಾದ್ರೆ ಕೆಲಸ ಇರುತ್ತೆ, ಗಡ್ಡೆಗೇನು ಕೆಲಸ, ಕಾಯುತ್ತೆ ಬಿಡು” ಅಂದಳು ಎಂದೆಯಲ್ಲ, ಅದನ್ನು ಕೇಳಿ ನಗು ಬಂತು. ಫೋನ್ ಇಟ್ಟ ಮೇಲೆ ನಗು ಹೋಯಿತು.

ಮುಂದಿನದ್ದು ನಿನಗೆ ಗೊತ್ತಿದ್ದದ್ದೇ. ಆದರೂ ಬರೆದರೆ ನನಗೆ ಧೈರ್ಯ. ಒಂದು ಚೂರು ತೆಗೆದು ಇಲ್ಲಿಗೆ ಕಳಿಸುತ್ತೀರಿ. ಕೆಲವು ಗಡ್ಡೆಗಳು ದೇಹದ ಹಾರ್ಮೋನನ್ನೇ ಉಂಡು ಬೆಳೆಯುತ್ತವೆ. ಅಂಥದ್ದೆಂದು ನಮ್ಮ ಪರೀಕ್ಷೆ ಹೇಳಿದರೆ ಅಮ್ಮನಿಗೆ ದಿನಕ್ಕೊಂದು ಮಾತ್ರೆ. ಗಡ್ಡೆಗೆ ಊಟ ಬಂದ್. ಅಲ್ಲವೆಂದರೆ ಡ್ರಿಪ್‌ನಲ್ಲಿ ಹಾಕುವ ಆ ಕೆಂಪು ಔಷಧಿ. ಅದು ಹೃದಯದ ಮೇಲೆ ಕೂರುವಂಥದ್ದು, ಅಮ್ಮನದ್ದೋ ಮೆಟ್ಟಿಲು ಕಂಡರೇ ಹೆದರುವ ಹೃದಯ. ಹಾಗಾಗಿ ನಮಗೆ ಬೇಕಾದದ್ದು ಒಂದೇ: ಆ ಗಡ್ಡೆ ಊಟ ಮಾಡುವ ಗಡ್ಡೆಯಾಗಿರಲಿ.

ನನ್ನ ಕೆಲಸವೇನೆಂದು ಕೇಳಿದವರಿಗೆ ಅಮ್ಮ ಇವತ್ತಿಗೂ “ಫ್ರಿಜ್ ಕಾಯ್ತಾನೆ” ಅನ್ನುತ್ತಾಳೆ. ಇರಲಿ. ತುಂಡು ದೇಹದಿಂದ ಬಂದದ್ದು ಎಷ್ಟು ಹೊತ್ತಿಗೆ, ಕೆಡದಂತೆ ಕಾಯುವ ಫಾರ್ಮಲಿನ್ ದ್ರವಕ್ಕೆ ಬಿದ್ದದ್ದು ಎಷ್ಟು ಹೊತ್ತಿಗೆ, ದಾರಿಯಲ್ಲಿ ಸೆಕೆ ಎಷ್ಟು, ಯಾರು ಮುಟ್ಟಿದರು, ಎಲ್ಲಿಟ್ಟರು, ಇಷ್ಟನ್ನೂ ಕಂಪ್ಯೂಟರಿನಲ್ಲಿ ಕೂಡಿಸಿ, ಪ್ರತಿ ಚೂರಿಗೂ ಒಂದು ಜೀವನಚರಿತ್ರೆ ಬರೆಯುವ ಮಹಾ ಲೇಖಕ ನಾನು. ಓದುಗರು ಮಾತ್ರ ಕಡಿಮೆ. ಇತ್ತೀಚೆಗೆ ಒಬ್ಬ ಸಿಕ್ಕಿದ್ದಾನೆ, ಇಲ್ಲಿನ ಸಂಶೋಧಕ. ನಿಮ್ಮ ಊರಿನ ಹೆಂಗಸರಲ್ಲಿ ಮಾತ್ರೆಗೆ ಬಗ್ಗದ ಗಡ್ಡೆಗಳೇ ಬೇರೆಡೆಗಿಂತ ತುಂಬಾ ಹೆಚ್ಚಂತೆ. ಕಾರಣ ನಿಮ್ಮ ನೀರೇ ಇರಬೇಕೆಂದು ಅವನ ಊಹೆ. ಕ್ಯಾನು ಹಿಡಿದುಕೊಂಡು ಬರಲಿದ್ದಾನೆ. ನಿಮ್ಮ ನೀರಿಗೆ ಏನಾಗಿದೆ? ಇನ್ನೊಂದು ಸಂಗತಿ: ನಿಮ್ಮ ಸ್ಯಾಂಪಲ್‌ಗಳಷ್ಟು ಶಿಸ್ತಿನವು ನಾನು ಕಂಡಿಲ್ಲ. ದೇಹದಿಂದ ಫಾರ್ಮಲಿನ್‌ಗೆ ಎಲ್ಲರದ್ದೂ ಇಪ್ಪತ್ತು ನಿಮಿಷ. ಒಬ್ಬರದ್ದಾದರೂ ಇಪ್ಪತ್ತೊಂದು ಬೇಡವೇ? ಅದು ಹೇಗೆ ಸಾಧಿಸುತ್ತೀರಿ?

ಅಮ್ಮನಿಗೆ ಹೆದರಬೇಡ ಅನ್ನು. ಅವಳು ನಿನಗೇ ಹಾಗೆ ಹೇಳುತ್ತಿರಬಹುದು.

ನಿನ್ನ ಅಣ್ಣ, ಫ್ರಿಜ್ ಕಾವಲುಗಾರ


ಫೆಬ್ರವರಿ 7

ಅಣ್ಣಾ,

ನಿನ್ನ ಕಾಗದವನ್ನು ಬಟ್ಟೆ ಬದಲಿಸುವ ಕೋಣೆಯಲ್ಲಿ ಓದಿದೆ, ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಗಾಳಿಯಲ್ಲಿ. ಅಮ್ಮನಿಗೆ ಚೂರು ತೆಗೆಯೋದು ಮುಂದಿನ ಗುರುವಾರ. ಹೆದರಿಕೆ ಇಲ್ಲ ಅಂತಾಳೆ. ಆದರೆ ನಾಲ್ಕು ದಿನದಿಂದ ಕಪಾಟು ಜೋಡಿಸುತ್ತಿದ್ದಾಳೆ. ಯಾವ ಸೀರೆ ಯಾರಿಗೆ ಅಂತ ಗುಟ್ಟಾಗಿ ಚೀಟಿ ಅಂಟಿಸುತ್ತಿದ್ದಾಳೆ ಅಂತ ನನ್ನ ಅನುಮಾನ.

ನಮ್ಮ ನೀರಿಗೆ ಏನಾಗಿದೆ ಅಂತ ಕೇಳಿದ್ದೀಯ. ವಾರಕ್ಕೆ ಎರಡು ಸಲ ಬರುತ್ತೆ, ಅದಕ್ಕಾಗಿರೋದು ಅಷ್ಟೇ. ನಿಮ್ಮ ಸಂಶೋಧಕ ಕ್ಯಾನು ತುಂಬಿಸಿಕೊಳ್ಳೋದಕ್ಕೆ ಬರೋದಾದರೆ ಬೆಳಿಗ್ಗೆ ಬೇಗ ಬಂದು ಸಾಲಲ್ಲಿ ನಿಲ್ಲಲಿ.

ಇನ್ನು ಇಪ್ಪತ್ತು ನಿಮಿಷದ ಮಹಿಮೆ. ಅದನ್ನು ಸಾಧಿಸುವುದು ನಾವಲ್ಲ, ಒಂದು ಮೂಗು. ನಮ್ಮ ದೊಡ್ಡ ಡಾಕ್ಟರ ಕೈ ಬಂಗಾರ. ಮೂಗು ಮಾತ್ರ ಕಾಗದದ್ದು. ಫಾರ್ಮಲಿನ್ ಬಾಟಲಿಯ ಮುಚ್ಚಳ ತೆಗೆದರೆ ಸಾಕು, ಸೀನು, ಸಾಲಾಗಿ ಏಳೆಂಟು. ಚಾಕು ಕೈಯಲ್ಲಿರುವವರು ಸೀನಬಾರದು ನೋಡು. ಅದಕ್ಕೆ ನಮ್ಮ ಥಿಯೇಟರಿನೊಳಕ್ಕೆ ಫಾರ್ಮಲಿನ್‌ಗೆ ಪ್ರವೇಶವಿಲ್ಲ. ತೆಗೆದ ತುಂಡುಗಳನ್ನು ಒದ್ದೆ ಗಾಜ್ ಬಟ್ಟೆಯಲ್ಲಿ ಸುತ್ತಿ, ಹೆಸರಿನ ಚೀಟಿ ಹಾಕಿ, ಸ್ಟೀಲ್ ಬಟ್ಟಲುಗಳಲ್ಲಿ ಸಾಲಾಗಿ ಇಡುತ್ತೇವೆ. ಆ ದಿನದ ಲಿಸ್ಟ್ ಪೂರ್ತಿ ಮುಗಿದು ಡಾಕ್ಟರು ಕಾಫಿಗೆ ಹೋದ ಮೇಲೆ ಎಲ್ಲ ಬಟ್ಟಲುಗಳ ಮೆರವಣಿಗೆ ಹೊರಕೋಣೆಗೆ. ಅಲ್ಲಿ ಎಲ್ಲಕ್ಕೂ ಒಂದೇ ಸಲ ಸ್ನಾನ.

ಕಂಪ್ಯೂಟರಿನಲ್ಲಿ ನಿಜವಾದ ಹೊತ್ತು ಹಾಕಿದರೆ ಪರದೆ ಕೆಂಪಾಗುತ್ತೆ. ಕಾರಣ ತಿಳಿಸಿ ಅನ್ನುತ್ತೆ. ತಿಳಿಸಿದರೆ ಮೇಲಧಿಕಾರಿಯ ಒಪ್ಪಿಗೆ ಅನ್ನುತ್ತೆ. ಮೇಲಧಿಕಾರಿ ಅಂದರೆ ಮೂಗಿನ ಮಾಲೀಕರೇ. ನಾನು ಸೇರುವ ಮೊದಲಿನಿಂದಲೂ ಇಲ್ಲಿ ಇಪ್ಪತ್ತು ಅಂತಲೇ ಹಾಕೋದು. ಹಸಿರಾಗುತ್ತೆ, ಎಲ್ಲರೂ ಮನೆಗೆ ಹೋಗುತ್ತೇವೆ. ನಿನ್ನ ಜೀವನಚರಿತ್ರೆಗಳ ಮೊದಲ ಅಧ್ಯಾಯವೆಲ್ಲ ನಮ್ಮ ಕಾದಂಬರಿ, ಬೇಜಾರು ಮಾಡ್ಕೋಬೇಡ.

ತಂಗಿ


ಫೆಬ್ರವರಿ 10

ತಂಗೀ,

ನಿನ್ನ ಕಾಗದ ಓದಿ ಮೊದಲು ಜೋರಾಗಿ ನಕ್ಕೆ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಸೀನುವ ಡಾಕ್ಟರು, ಬಟ್ಟಲುಗಳ ಮೆರವಣಿಗೆ, ಎಲ್ಲವನ್ನೂ ಅವರಿಗೂ ಹೇಳೋಣ ಎಂದು ಬಾಯಿ ತೆರೆದೆ. ಮುಚ್ಚಿದೆ.

ಸ್ವಲ್ಪ ಹೊತ್ತು ಪಾಠ ಹೇಳುತ್ತೇನೆ, ಸಹಿಸಿಕೋ. ತುಂಡು ದೇಹದಿಂದ ಹೊರಬಿದ್ದ ಕೂಡಲೇ ಸಾಯುವುದಿಲ್ಲ. ತಾನಿನ್ನೂ ಒಳಗೇ ಇದ್ದೇನೆ ಅಂದುಕೊಂಡಿರುತ್ತದೆ. ರಕ್ತಕ್ಕಾಗಿ ಕಾಯುತ್ತದೆ. ರಕ್ತ ಬರುವುದಿಲ್ಲ. ಹಸಿವಾಗುತ್ತದೆ. ಆಮೇಲೆ ತನ್ನನ್ನು ತಾನೇ ತಿನ್ನಲು ತೊಡಗುತ್ತದೆ. ಬೇಗ ಬೇಗ ಅಳಿಸಿಹೋಗುವವುಗಳಲ್ಲಿ ನಾವು ಹುಡುಕುವ ಆ ಗುರುತೂ ಒಂದು. ಗಡ್ಡೆ ಹಾರ್ಮೋನ್ ಉಣ್ಣುತ್ತದೆಯೇ ಎಂದು ತಿಳಿಸುವ ಗುರುತು. ಫಾರ್ಮಲಿನ್ ಅಂದರೆ ‘ಇದ್ದಹಾಗೇ ಇರು, ಅಲ್ಲಾಡಬೇಡ’ ಎಂಬ ಅಪ್ಪಣೆ. ಆ ಅಪ್ಪಣೆ ಒಂದು ಗಂಟೆಯೊಳಗೆ ಆಗಬೇಕು. ಬಟ್ಟಲಿನಲ್ಲಿ ಅರ್ಧ ದಿನ ಕೂತ ತುಂಡು ನಮ್ಮಲ್ಲಿಗೆ ಬಂದು, “ಊಟವೇ? ನಾನೆಂದೂ ಊಟ ಮಾಡಿದವಳೇ ಅಲ್ಲ” ಅನ್ನುತ್ತದೆ. ನಾವು ನಂಬುತ್ತೇವೆ. ಏಕೆಂದರೆ ಜೀವನಚರಿತ್ರೆಯಲ್ಲಿ ಇಪ್ಪತ್ತು ನಿಮಿಷ ಎಂದಿದೆ.

ಈಗ ಹೇಳು, ಸಂಶೋಧಕನ ಕ್ಯಾನಿನಲ್ಲಿ ಸಿಗಲಿರುವುದು ನೀರೋ, ಮೂಗೋ?

ಮಿಕ್ಕವರ ಮಾತು ಆಮೇಲೆ. ಈಗ ಗುರುವಾರ. ನಿನ್ನ ಕಾಲು ಹಿಡಿಯುತ್ತೇನೆ, ಚಪ್ಪಲಿಯಲ್ಲಿರುವುದು, ಗಾಳಿಯಲ್ಲಿರುವುದು ಎರಡನ್ನೂ. ಅಮ್ಮನ ಚೂರು ಹೊರಬಂದ ತಕ್ಷಣ ಬಾಟಲಿಗೆ ಹಾಕು. ಡಾಕ್ಟರು ಸೀನಲಿ, ಕೆಮ್ಮಲಿ, ಹಾರಿಹೋಗಲಿ. ಎಷ್ಟು ಹೊತ್ತಾಯಿತೋ ಅಷ್ಟನ್ನೇ ಬರೆ.

ಅಣ್ಣ


ಫೆಬ್ರವರಿ 17

ಅಣ್ಣಾ,

ಬಾಟಲಿ ತುಂಬಿಸಿ, ಮುಚ್ಚಳದ ಮೇಲೆ ಅಂಟುಪಟ್ಟಿ ಸುತ್ತಿ, ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದೆ. ಬಾಗಿಲಲ್ಲೇ ದೊಡ್ಡ ಡಾಕ್ಟರು ಸಿಕ್ಕರು.

“ಇವತ್ತು ನಿಮ್ಮ ತಾಯೀದಲ್ವಾ ಸಿಸ್ಟರ್? ನೀವು ಹೊರಗಿರಿ. ರಿಲೇಷನ್ ಒಳಗಿರಬಾರದು.”

“ಸರ್, ಆ ಸ್ಯಾಂಪಲ್ಲನ್ನ...”

“ಏನೂ ಯೋಚನೆ ಮಾಡಬೇಡಿ. ಲಿಸ್ಟ್‌ನಲ್ಲಿ ನಾಲ್ಕನೇದಿತ್ತು, ಮೊದಲನೇದಕ್ಕೆ ತಂದಿದ್ದೀನಿ. ನಮ್ಮ ಸ್ಟಾಫಿಗೆ ಅಷ್ಟೂ ಮಾಡದಿದ್ರೆ ಹೇಗೆ?”

ಥ್ಯಾಂಕ್ಸ್ ಸರ್ ಅಂದೆ, ಅಣ್ಣಾ. ಎರಡು ಸಲ ಅಂದೆ. ಅವರು ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಹೊಳೆಯಿತು. ಮೊದಲನೆಯವಳದ್ದು ಅಂದರೆ, ಕೊನೆಯವಳದ್ದು ಮುಗಿಯುವವರೆಗೂ ಬಟ್ಟಲಿನಲ್ಲಿ ಕಾಯುವುದು. ಮರ್ಯಾದೆಗೆ ಮೊದಲು ಕರೆದರು. ಮರ್ಯಾದೆಯಿಂದ ಎಲ್ಲರಿಗಿಂತ ಹೆಚ್ಚು ಕಾಯಿಸಿದರು.

ನನ್ನ ಬದಲು ಒಳಗಿದ್ದ ಸಿಸ್ಟರ್ ಕೈಗೆ ಬಾಟಲಿ ಕೊಟ್ಟಿದ್ದೆ. ಅವಳು ಒಳ್ಳೆಯವಳೇ. ಆಮೇಲೆ ಹೇಳಿದಳು: “ಅಕ್ಕಾ, ಮುಚ್ಚಳ ಒಂದು ಸುತ್ತು ತಿರುಗಿಸಿದ್ದೆ ಅಷ್ಟೇ, ಸರ್ ಸೀನಿಬಿಟ್ರು. ಚಾಕು ಇನ್ನೂ ನಿಮ್ಮಮ್ಮನ ಮೇಲೇ ಇತ್ತು. ‘ಯಾರದು ಅದು?’ ಅಂದ್ರು. ನಂಗೆ ಜೀವ ಹೋದಂಗಾಯ್ತು, ಹೊರಗಿಟ್ಟುಬಿಟ್ಟೆ.”

ನಾಲ್ಕನೇ ಕೇಸು ಎಳೆಯಿತು. ಬಟ್ಟಲುಗಳು ಹೊರಬಂದಾಗ ಅಮ್ಮನದರ ಗಾಜ್ ಬಟ್ಟೆಯ ಅಂಚು ಒಣಗಿತ್ತು. ಮುಟ್ಟಿ ನೋಡಿದೆ. ತೆಗೆದು ಮೂರು ಗಂಟೆ ನಲವತ್ತು ನಿಮಿಷವಾಗಿತ್ತು. ಅಷ್ಟನ್ನೇ ಹಾಕಿದೆ. ಪರದೆ ಕೆಂಪಾಯಿತು. ಕಾರಣ ತಿಳಿಸಿ ಅಂತು. ‘ಡಾಕ್ಟರ ಮೂಗು’ ಎಂದು ಟೈಪ್ ಮಾಡಿದೆ. ಒಪ್ಪಿಗೆಯಿಲ್ಲದೆ ಕೆಂಪಾಗಿಯೇ ಬಂದಿದೆ ನಿನ್ನ ಕಡೆಗೆ.

ಅಮ್ಮನಿಗೆ ಅರಿವಳಿಕೆ ಇಳಿದ ಮೇಲೆ ಉಸಿರು ಕಟ್ಟಿತು. ಎರಡು ದಿನ ಆಮ್ಲಜನಕ ಕೊಟ್ಟರು. ಈಗ ಪರವಾಗಿಲ್ಲ. ಅಡುಗೆ ಹೇಗಿರಬೇಕೆಂದು ನರ್ಸುಗಳಿಗೇ ಹೇಳಿಕೊಡುವಷ್ಟಾಗಿದ್ದಾಳೆ.

ತಂಗಿ


ಫೆಬ್ರವರಿ 21

ತಂಗೀ,

ಕೆಂಪು ಸ್ಯಾಂಪಲ್ ಬಂತು. ನಿಮ್ಮ ಆಸ್ಪತ್ರೆಯಿಂದ ಬಂದ ಮೊಟ್ಟಮೊದಲ ಕೆಂಪು. ನಮ್ಮಲ್ಲಿ ಕೆಂಪಾದದ್ದನ್ನು ಪರೀಕ್ಷೆ ಮಾಡುವುದಿಲ್ಲ. ಹೊಸ ಚೂರು ಕಳಿಸಿ ಎಂದು ವಾಪಸ್ ಬರೆಯುತ್ತೇವೆ. ನಾನು ಹಾಗೆಯೇ ಬರೆಯಲು ಕೂತೆ. ಮೇಡಂ ಕರೆಸಿದರು. ಮೇಜಿನ ಮೇಲೆ ನಿನ್ನ ‘ಡಾಕ್ಟರ ಮೂಗು’ ದೊಡ್ಡ ಅಕ್ಷರದಲ್ಲಿ ತೆರೆದಿತ್ತು.

“ಇದೇನ್ರೀ ತಮಾಷೆ?”

“ತಮಾಷೆಯಲ್ಲ ಮೇಡಂ.”

“ಆ ಆಸ್ಪತ್ರೆಯಿಂದ ಇಷ್ಟು ವರ್ಷದಲ್ಲಿ ಒಂದಾದ್ರೂ ಕೆಟ್ಟ ಸ್ಯಾಂಪಲ್ ಬಂದಿದೆಯಾ? ಇದು ಟೈಪಿಂಗ್ ಮಿಸ್ಟೇಕ್. ಯಾರೋ ನರ್ಸಿಗೆ ಡಾಕ್ಟರ್ ಮೇಲೆ ಸಿಟ್ಟು. ಇಪ್ಪತ್ತು ಅಂತ ತಿದ್ದಿ, ಪರೀಕ್ಷೆಗೆ ಹಾಕಿ. ಪಾಪ, ಆ ಹೆಂಗಸನ್ನ ಇನ್ನೊಂದು ಸಲ ಕುಯ್ಯಿಸೋದು ಬೇಡ.”

ಕೊನೆಯ ಮಾತು ಹೇಳುವಾಗ ಅವರ ದನಿ ನಿಜವಾಗಿಯೂ ಮೆತ್ತಗಿತ್ತು. ‘ಆ ಹೆಂಗಸು ನನ್ನ ಅಮ್ಮ’ ಎನ್ನಲು ನಾಲಿಗೆ ಬರಲಿಲ್ಲ. ಹೇಳಿದ್ದರೆ ನನ್ನನ್ನು ಆ ಸ್ಯಾಂಪಲ್ ಹತ್ತಿರವೇ ಬಿಡುತ್ತಿರಲಿಲ್ಲ.

ಈಗ ನನ್ನ ಮುಂದೆ ಎರಡು ಬಾಗಿಲು, ಎರಡರ ಹಿಂದೆಯೂ ಅಮ್ಮ. ತಿದ್ದಿದರೆ, ಹಾಳಾದ ಚೂರು ಏನು ಒದರುತ್ತದೋ ಅದನ್ನು ನಂಬಿ ಅವಳಿಗೆ ಮದ್ದು. ತಿದ್ದದಿದ್ದರೆ, ಮತ್ತೆ ಅದೇ ಥಿಯೇಟರು, ಅದೇ ಬಟ್ಟಲು, ಅದೇ ಅರಿವಳಿಕೆ.

ಸಂಶೋಧಕ ನಿಮ್ಮೂರಿಗೆ ಹೋಗಿ ಬಂದ. ನಲ್ಲಿ, ಬಾವಿ, ಕೆರೆ, ಒಂದನ್ನೂ ಬಿಟ್ಟಿಲ್ಲ. ನಮ್ಮ ಲ್ಯಾಬಿನ ಪಡಸಾಲೆಯ ತುಂಬ ಕ್ಯಾನು. ಎಷ್ಟು ಖುಷಿಯಲ್ಲಿದ್ದಾನೆಂದರೆ ಅವನಿಗೆ ಹೇಳಲು ಬಾಯಿ ಬರುತ್ತಿಲ್ಲ.

ಏನು ಮಾಡಲಿ? ಬೇಗ ಬರೆ. ಜೆಟ್‌ನ ಹಿಂದಿನಿಂದ ತಳ್ಳಿಸಿಯಾದರೂ ಕಳಿಸು.

ಅಣ್ಣ


ಫೆಬ್ರವರಿ 25

ತಿದ್ದು.

ನಿನಗೆ ಸತ್ಯ ಬೇಕು. ಕುಯ್ಯಿಸಿಕೊಳ್ಳಬೇಕಾದವಳು ಅಮ್ಮ. ಆ ಎರಡು ದಿನ ಅವಳ ಮೂಗಿನ ಮೇಲಿದ್ದ ಮಾಸ್ಕನ್ನು ನೀನು ನೋಡಿಲ್ಲ. ನಾನು ನೋಡಿದ್ದೇನೆ. ಇನ್ನೊಂದು ಸಲ ಆ ಟೇಬಲ್ ಮೇಲೆ ಮಲಗಿಸಲಾರೆ.

ತಂಗಿ


ಮಾರ್ಚ್ 2

ತಂಗೀ,

ತಿದ್ದಲಿಲ್ಲ. ಆದರೆ ಈ ಮಾತು ಬರೆದು ಎದೆಯುಬ್ಬಿಸಿಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ನಾನು ಹಿಂದೆ ಮುಂದೆ ನೋಡುತ್ತಾ ಕೂತಿರುವಾಗಲೇ ಮೇಡಂ ತಾವೇ ತಿದ್ದಿದರು. ಅಮ್ಮನದ್ದೂ ಈಗ ಇಪ್ಪತ್ತು ನಿಮಿಷ. ಹಸಿರಾಗಿದ್ದಾಳೆ. ಪರೀಕ್ಷೆ ಆಯಿತು. ಫಲಿತಾಂಶ ನೆಗೆಟಿವ್. ಮಾತ್ರೆಯಿಂದ ಪ್ರಯೋಜನವಿಲ್ಲ, ಕೆಂಪು ಔಷಧಿಯನ್ನು ಪರಿಗಣಿಸಿ ಎಂದು ನಿಮ್ಮ ಡಾಕ್ಟರಿಗೆ ಹೋಗಿದೆ.

ನೀನು ಹೇಳಿದ್ದು ಸರಿ, ಮಾಸ್ಕನ್ನು ನಾನು ನೋಡಿಲ್ಲ. ಆದರೆ ಟೇಬಲ್ಲೇ ಬೇಡವಾದರೆ? ಇಲ್ಲಿ ಸ್ಕ್ಯಾನ್ ಮಾಡುವ ಡಾಕ್ಟರಮ್ಮ ಒಬ್ಬರಿದ್ದಾರೆ. ಚರ್ಮಕ್ಕೆ ಮಾತ್ರ ಮರಗಟ್ಟಿಸಿ, ದಪ್ಪ ಸೂಜಿಯಿಂದ ಗಡ್ಡೆಯ ಒಂದೆಳೆ ತೆಗೆಯುತ್ತಾರೆ. ಅರಿವಳಿಕೆ ಇಲ್ಲ, ಚಾಕು ಇಲ್ಲ. ನಿಮ್ಮವರು ಸೂಜಿಯನ್ನು ನಂಬುವುದಿಲ್ಲವೆಂದು ಗೊತ್ತು. ಅಮ್ಮನನ್ನು ನನ್ನ ಮನೆಗೆ ಕಳಿಸು, ನಾಲ್ಕು ದಿನ ಇದ್ದು ಬರಲಿ ಎಂದು ನಿಮ್ಮ ಡಾಕ್ಟರಿಗೆ ಹೇಳಿ. ಡ್ರಿಪ್ ಶುರುವಾಗುವ ಮೊದಲು. ದಯವಿಟ್ಟು.

ಬಸ್ಸು ಕುಲುಕುತ್ತದೆ. ಜೆಟ್‌ನ ಜೊತೆ ಕಳಿಸು. ಅವನಷ್ಟು ನಿಧಾನವಾಗಿ ಹೃದ್ರೋಗಿಗಳನ್ನು ಸಾಗಿಸುವವರು ಲೋಕದಲ್ಲಿಲ್ಲ.

ಅಣ್ಣ


ಮಾರ್ಚ್ 18

ತಂಗೀ,

ಫೋನಿನಲ್ಲಿ ಒಂದೇ ಪದ ಹೇಳಿದೆ, ನೀನು ಅತ್ತೆ, ನಾನು ಇಟ್ಟೆ. ಈಗ ಪೂರ್ತಿ ಬರೆಯುತ್ತೇನೆ.

ಅಮ್ಮ ವ್ಯಾನಿನ ಮುಂದಿನ ಸೀಟಿನಲ್ಲಿ ಸ್ಯಾಂಪಲ್ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಂದಿಳಿದಳು. ಜೆಟ್ ಬೇಡವೆಂದರೂ ಕೇಳಲಿಲ್ಲವಂತೆ, “ಪಾಪ, ಹಿಂದೆ ಒಂಟಿಯಾಗಿ ಇರ್ತಾವೆ” ಅಂದಳಂತೆ. ಡಾಕ್ಟರಮ್ಮ ಸೂಜಿ ಹಾಕಿದರು. ನಾನು ಬಾಟಲಿ ಹಿಡಿದು ಪಕ್ಕದಲ್ಲೇ ನಿಂತೆ. ಎಳೆ ಸೂಜಿಯಿಂದ ನೇರ ಫಾರ್ಮಲಿನ್‌ಗೆ. ನಾನು ಬರೆದ ಜೀವನಚರಿತ್ರೆಗಳಲ್ಲೆಲ್ಲ ಇದೇ ಗಿಡ್ಡದು: ಒಂದು ನಿಮಿಷಕ್ಕಿಂತ ಕಡಿಮೆ. ಅಮ್ಮ ಬಾಟಲಿಯೊಳಗೆ ಬಗ್ಗಿ ನೋಡಿ, “ಇಷ್ಟೇನಾ? ಇದಕ್ಕಾ ಇಷ್ಟು ಗಲಾಟೆ?” ಎಂದಳು.

ಪಾಸಿಟಿವ್. ಸ್ವಲ್ಪ ಸ್ವಲ್ಪವಲ್ಲ, ಆ ಗುರುತು ಇದ್ದರೆ ಬರುವ ಕಂದು ಬಣ್ಣ ಪರದೆಯ ತುಂಬ. ಆ ಗಡ್ಡೆ ಹಾರ್ಮೋನ್ ಬಿಟ್ಟು ಬೇರೇನನ್ನೂ ಮುಟ್ಟಿದ್ದೇ ಇಲ್ಲ ಅನ್ನಿಸುವಷ್ಟು. ಅಮ್ಮನಿಗೆ ಮಾತ್ರೆ. ನಿಮ್ಮ ಡಾಕ್ಟರೂ ಒಪ್ಪಿದ್ದಾರೆಂದು ಕೇಳಿದೆ.

ಇಲ್ಲಿಗೆ ಕಾಗದ ಮುಗಿಸಿ ಒಂದು ಜೋಕು ಬರೆದು ಸಹಿ ಹಾಕಬಹುದಿತ್ತು.

ಒಬ್ಬಳೇ ಹೆಂಗಸು, ಒಂದೇ ಗಡ್ಡೆ, ಎರಡು ಉತ್ತರ. ಎರಡರ ಮೇಲೂ ‘ಸರಿಯಾಗಿ ಸಂಗ್ರಹಿಸಿದ್ದು’ ಎಂಬ ಹಸಿರು ಗುರುತು. ಎರಡು ಪರದೆಗಳನ್ನೂ ಅಕ್ಕಪಕ್ಕ ತೆರೆದಿಟ್ಟಿದ್ದೆ. ಸಂಶೋಧಕ ಚಹಾ ಹಿಡಿದುಕೊಂಡು ಬಂದವನು ಹಿಂದೆ ನಿಂತ. ಅವನೇ ನೋಡಿದ, ನೋಡುತ್ತಲೇ ಇದ್ದ. “ಈ ಮೊದಲನೇದು... ನಿಜವಾಗಿ ಎಷ್ಟು ಹೊತ್ತು?” ಎಂದ. ಹೇಳಿದೆ. “ಮಿಕ್ಕವು?” ಎಂದ. ನಾನು ಚಹಾ ಕಡೆ ನೋಡಿದೆ. ಕುಡಿಯದೆ ಇಟ್ಟು ಹೋದ. ಮಾರನೆಯ ದಿನ ಕ್ಯಾನುಗಳ ನೀರನ್ನೆಲ್ಲ ಒಂದೊಂದಾಗಿ ಸಿಂಕಿಗೆ ಸುರಿಯುತ್ತಿದ್ದ. ಒಳ್ಳೆಯ ನೀರಂತೆ. ಏನೂ ತೊಂದರೆ ಇರಲಿಲ್ಲವಂತೆ.

ಮೇಡಂ ಹತ್ತಿರ ಹೋದೆ. ಈ ಸಲ ಹೇಳಿದೆ, ಅವಳು ನನ್ನ ಅಮ್ಮ ಎಂದು. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. “ನಿಮ್ಮ ತಾಯಿಗೆ ಮಾತ್ರೆ ಶುರುವಾಯ್ತಲ್ಲ? ಮತ್ತೇನು?” ಎಂದರು. ಕೋಪದಿಂದಲ್ಲ. ಕೇಳಿಕೊಳ್ಳುವ ಹಾಗೆ.

ನಮ್ಮ ಉಗ್ರಾಣದಲ್ಲಿ ನಿಮ್ಮ ಊರಿನ ಚೂರುಗಳಿಗೆಂದೇ ಒಂದು ಕಪಾಟಿದೆ. ದಿನವೂ ಅದರ ಮುಂದೆಯೇ ಓಡಾಡಬೇಕು. ಈಗ ಗೋಡೆಯ ಬದಿಗೆ ಸರಿದು ನಡೆಯುತ್ತೇನೆ.

ನಾನು ಇದನ್ನು ಮೇಲಕ್ಕೆ ಬರೆಯಬೇಕು. ಬರೆದರೆ ಮೊದಲ ಪ್ರಶ್ನೆ, ಆ ಇಪ್ಪತ್ತನ್ನು ಹಾಕಿದ ಬೆರಳು ಯಾರದು ಎಂದು. ನೀನು ಹೇಳದೆ ಬರೆಯಲಾರೆ.

ಅಣ್ಣ


ಮಾರ್ಚ್ 27

ಅಣ್ಣಾ,

ಅಮ್ಮ ಚೆನ್ನಾಗಿದ್ದಾಳೆ. ಮಾತ್ರೆ ನುಂಗುವಾಗ “ನಿನಗೆ ಇವತ್ತೂ ಉಪವಾಸ” ಅಂತ ಎದೆಗೆ ಹೇಳಿ ನುಂಗುತ್ತಾಳೆ. ಗಡ್ಡೆ ಮೆತ್ತಗಾಗಿದೆ ಅನ್ನಿಸುತ್ತೆ. ನನ್ನ ಆಸೆಯೂ ಇರಬಹುದು.

ನಿನ್ನ ಕಾಗದ ಮೂರು ಸಲ ಓದಿದೆ. ಬೆರಳು ಯಾರದ್ದು ಅಂತ ಕೇಳುತ್ತಾರೆ ಅಂದೆಯಲ್ಲ. ನಾಲ್ಕು ಜನರ ಬೆರಳು. ಲಾಗಿನ್ ಒಂದೇ, ನನ್ನದು. ಇನ್‌ಚಾರ್ಜ್ ಅಂತ ನನಗೆ ಕೊಟ್ಟ ಬಡ್ತಿ ಅದೊಂದೇ.

ದೊಡ್ಡ ಡಾಕ್ಟರ ಹತ್ತಿರ ಹೋಗಿ ಹೇಳಿದೆ, ಸರ್, ಇನ್ನು ಮೇಲೆ ಬಾಟಲಿ ಒಳಗೇ ಇರಲಿ ಅಂತ. ಯಾಕೆ ಅಂತ ಅವರು ಕೇಳಲೇ ಇಲ್ಲ. ಮುಖ ಬೆಳ್ಳಗಾಯಿತು. ಗೊತ್ತಾಗಿದೆ ಅವರಿಗೆ. ಮಾರನೆಯ ದಿನದಿಂದ ಬಾಟಲಿ ಒಳಗೆ ಬಂದಿದೆ, ಅವರು ಎರಡೆರಡು ಮಾಸ್ಕ್ ಹಾಕುತ್ತಾರೆ, ಸೀನು ಬಂದರೆ ಕೈ ಮೇಲೆತ್ತಿ ನಿಲ್ಲುತ್ತಾರೆ. ಅಷ್ಟು ಸುಲಭವಿತ್ತು, ಅಣ್ಣಾ.

ಇನ್ನು ಮುಂದಿನವರಿಗೆ ತೊಂದರೆ ಇಲ್ಲ. ಹಿಂದಿನವರದ್ದು ಹಿಂದಾಯಿತು. ಸ್ವಲ್ಪ ದಿನ ಸುಮ್ಮನಿರು. ನಾನು ನಿನ್ನ ತಂಗಿ ಅಂತ ಕೇಳುತ್ತಿದ್ದೇನೆ.

ಅಮ್ಮನಿಗೆ ಆಸ್ಪತ್ರೆ ಕಾರಿಡಾರಿನಲ್ಲಿ ಒಬ್ಬ ಗೆಳತಿ ಸಿಕ್ಕಿದ್ದಾಳೆ. ಟೈಲರ್. ಇಬ್ಬರೂ ಬೆಂಚಿನ ಮೇಲೆ ಕೂತು ಬರುವ ಹೋಗುವ ಡಾಕ್ಟರುಗಳ ಪ್ಯಾಂಟಿನ ಹೊಲಿಗೆಗೆ ಅಂಕ ಕೊಡುತ್ತಾರೆ.

ತಂಗಿ


ಏಪ್ರಿಲ್ 9

ತಂಗೀ,

ಜೆಟ್ ಎರಡು ಸಲ ನಿನ್ನ ಕಾಗದವಿಲ್ಲದೆ ಬರಿಗೈಯಲ್ಲಿ ಬಂದ. ಬೇಜಾರಿಲ್ಲ.

ಮೇಡಂ ಒಂದು ಹಾಳೆ ಕೊಟ್ಟರು. ‘ಒಂದು ಸ್ಯಾಂಪಲ್‌ನ ವಿವರದಲ್ಲಿ ಮಾತ್ರ ದೋಷವಿದ್ದು, ಅದನ್ನು ಸರಿಪಡಿಸಲಾಗಿದೆ’ ಎಂದಿತ್ತು. ‘ಮಾತ್ರ’ ಎಂಬ ಪದಕ್ಕೆ ಎಷ್ಟು ತೂಕವಿದೆಯೆಂದು ಎತ್ತಿ ನೋಡಿದೆ. ಸಹಿ ಹಾಕಿದೆ. ಸಂಶೋಧಕ ಹಾಕಲಿಲ್ಲ. ಅವನೀಗ ಕೆಲಸಕ್ಕೆ ಬರುತ್ತಿಲ್ಲ.

ಈ ಕಾಗದ ಓದಿ ಹರಿದುಹಾಕು. ಹವೆ ಚೆನ್ನಾಗಿದೆ.

ಅಣ್ಣ


ಏಪ್ರಿಲ್ 16

ಮಗನೇ,

ಇದು ನಿನ್ನ ತಂಗಿಯ ಕಾಗದವಲ್ಲ, ನನ್ನದು. ಕನ್ನಡಕ ಹಾಕಿಕೊಂಡು ಓದು.

ಅವಳು ಡ್ಯೂಟಿಗೆ ಹೋಗಿದ್ದಾಗ ಜೆಟ್ ಮನೆಗೇ ಬಂದು ನಿನ್ನ ಕಾಗದ ಕೊಟ್ಟ. ಒಡೆದು ಓದಿದೆ. ಹಿಂದಿನವುಗಳನ್ನೂ ಹುಡುಕಿ ಓದಿದೆ. ಇನ್ನೊಬ್ಬರ ಕಾಗದ ಓದಬಾರದು ಅಂತ ನಿಮಗೆ ಕಲಿಸಿದವಳು ನಾನೇ. ಆದರೆ ಅವುಗಳ ತುಂಬ ಇದ್ದದ್ದು ನನ್ನ ಎದೆಯ ವಿಷಯ. ನನ್ನ ಎದೆಯನ್ನು ನಾನು ಓದದೆ ಇನ್ನಾರು ಓದಬೇಕು? ಚೆನ್ನಾಗಿ ಬರೆಯುತ್ತೀಯ. ಫ್ರಿಜ್ ಕಾಯುವವನು ಅಂತ ಇನ್ನು ಮೇಲೆ ಅನ್ನುವುದಿಲ್ಲ.

ಟೈಲರಮ್ಮನ ವಿಷಯ ಬರೆಯಬೇಕು. ನನಗಿಂತ ಹದಿನೈದು ವರ್ಷ ಚಿಕ್ಕವಳು. ಮಕ್ಕಳ ಶಾಲೆ ಯೂನಿಫಾರಂ ಹೊಲಿಯುತ್ತಾಳೆ. ಆಪರೇಷನ್ ನನ್ನ ದಿನವೇ, ನನ್ನ ನಂತರದ್ದೇ. ನನ್ನ ಬಟ್ಟಲಿನ ಪಕ್ಕದ ಬಟ್ಟಲು ಅವಳದು ಅಂತ ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ಅವಳಿಗೆ ಆ ಕೆಂಪು ಡ್ರಿಪ್ ಹಾಕುತ್ತಿದ್ದಾರೆ. ಕೂದಲು ಹೋಗಿದೆ. “ನೋಡಿ ಅಮ್ಮ, ಇನ್ನು ಹೇನಿನ ಕಾಟ ಇಲ್ಲ” ಅಂತ ನನ್ನನ್ನೇ ನಗಿಸುತ್ತಾಳೆ.

ಹೋದ ವಾರ ನಾನು ಮಾತ್ರೆ ನುಂಗುವಾಗ ಕೇಳಿದಳು, “ನಿಮಗೆ ಮಾತ್ರೆ ಹಿಡಿಯುತ್ತಲ್ಲ, ಎಷ್ಟು ಪುಣ್ಯವಂತರು. ನನಗೆ ಅದು ಉಪಯೋಗವಿಲ್ಲ ಅಂದುಬಿಟ್ರು. ಡ್ರಿಪ್ ಮುಗಿದ್ಮೇಲೆ ಕಾಯೋದು ಅಷ್ಟೇ ಅಂತೆ, ವಾಪಸ್ ಬರದೇ ಇರಲಿ ಅಂತ. ಅಮ್ಮ, ನಮ್ಮಿಬ್ಬರದ್ದೂ ಒಂದೇ ಥರದ ಗಡ್ಡೆ ಅಲ್ವಾ?”

ಅವತ್ತು ಎದ್ದು ಮನೆಗೆ ಬಂದೆ. ಊಟ ಸೇರಲಿಲ್ಲ. ನಿನ್ನ ತಂಗಿಯನ್ನು ಕೇಳಿದೆ, ಅವಳಿಗೂ ನನ್ನ ಹಾಗೆ ಸೂಜಿ ಹಾಕಿ ಇನ್ನೊಂದು ಸಲ ನೋಡಬಹುದಲ್ಲ ಅಂತ. ಅವಳು ತಟ್ಟೆ ನೋಡುತ್ತಾ ಹೇಳಿದಳು, “ಅವಳದ್ದು ಪೂರ್ತಿ ತೆಗೆದಿದ್ದಾರೆ ಅಮ್ಮ. ಚುಚ್ಚಿ ನೋಡೋಕೆ ಏನೂ ಉಳಿದಿಲ್ಲ.” ಹಾಗಾದರೆ ಅವಳದ್ದು ಅಂತ ಉಳಿದಿರುವುದು ನಿನ್ನ ಕಪಾಟಿನಲ್ಲಿರುವ ಆ ಚೂರೊಂದೇ. ಅದರ ಮೇಲೆ ಇಪ್ಪತ್ತು ಅಂತ ಬರೆದಿದೆ.

ನಿನ್ನ ತಂಗಿಯ ಕೆಲಸ ಹೋಗಬಹುದು, ನಿನ್ನದೂ ಹೋಗಬಹುದು. ಇಬ್ಬರನ್ನೂ ಹೆತ್ತವಳು ನಾನು, ನನಗೆ ಅದು ಗೊತ್ತಾಗುವುದಿಲ್ಲವೇ? ಇಡೀ ವಾರ ಅದನ್ನೇ ಯೋಚಿಸಿದೆ. ಒಂದು ರಾತ್ರಿ ನನಗೆ ನಿದ್ದೆ ಬಾರದೆ ಇರುವುದನ್ನು ನೋಡಿ ನಿನ್ನ ತಂಗಿ ಎದ್ದು ಬಂದು ಪಕ್ಕದಲ್ಲಿ ಮಲಗಿದಳು. ಬೆಳಿಗ್ಗೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಅವಳೇ. ಬೆಂಚಿನವರೆಗೂ ಬಂದು, ನನ್ನನ್ನು ಕೂರಿಸಿ, ಹೋಗದೆ ಅಲ್ಲೇ ನಿಂತಳು.

ಟೈಲರಮ್ಮನಿಗೆ ಎಲ್ಲ ಹೇಳಿದೆ. ಬಟ್ಟಲು, ಮೂಗು, ಇಪ್ಪತ್ತು, ಸೂಜಿ, ಎಲ್ಲ. ಅವಳು ಅಳಲಿಲ್ಲ, ಕಿರುಚಲಿಲ್ಲ. ನಿನ್ನ ತಂಗಿಯ ಮುಖವನ್ನೇ ನೋಡುತ್ತಿದ್ದಳು. ಆಮೇಲೆ, “ಅವತ್ತು ಥಿಯೇಟರ್ ಬಾಗಿಲ ತನಕ ನನ್ನ ಕೈ ಹಿಡ್ಕೊಂಡಿದ್ದು ನೀವೇ ಅಲ್ವಾ ಸಿಸ್ಟರ್?” ಎಂದಳು. ನಿನ್ನ ತಂಗಿ ಹೌದು ಎಂದಳು.

ನಂತರ ಟೈಲರಮ್ಮ ನಿನ್ನ ಲ್ಯಾಬಿನ ವಿಳಾಸ ಕೇಳಿದಳು. ಕೊಟ್ಟೆ. ಕಾರಿಡಾರಿನಲ್ಲಿ ಡ್ರಿಪ್‌ಗೆ ಕಾಯುತ್ತಿದ್ದ ಬೇರೆ ಹೆಂಗಸರೂ ಅಷ್ಟರಲ್ಲಿ ಹತ್ತಿರ ಬಂದಿದ್ದರು. ಅವರೂ ಬರೆದುಕೊಂಡರು.

ಸೋಮವಾರ ಬರುತ್ತಾರೆ, ಜೆಟ್‌ನ ವ್ಯಾನಿನಲ್ಲೇ. ಎಲ್ಲರೂ ಒಂದೇ ಸಲಕ್ಕೆ ಹಿಡಿಯುವುದಿಲ್ಲ ಎಂದಿದ್ದಕ್ಕೆ ಎರಡು ಸಲ ಓಡಾಡುತ್ತೇನೆ ಎಂದಿದ್ದಾನೆ. ನಿನ್ನ ಮೇಡಂಗೆ ಮೊದಲೇ ಹೇಳಿಬಿಡು, ಅವರಿಗೂ ಮನೆಯಲ್ಲಿ ಯಾರಾದರೂ ಇರುತ್ತಾರೆ. ಬಂದವರನ್ನು ಹೊರಗೆ ನಿಲ್ಲಿಸಬೇಡ, ಕುರ್ಚಿ ಹಾಕು, ನೀರು ಕೊಡು. ಬಹಳ ದೂರದಿಂದ ಬರುವವರು, ಕೆಲವರಿಗೆ ಕೂತರೆ ಏಳಲಾಗುವುದಿಲ್ಲ. ಯಾರು ಏನು ಕೇಳಿದರೂ ಇದ್ದದ್ದನ್ನು ಇದ್ದ ಹಾಗೆ ಹೇಳು. ನಿನಗೆ ಭಯವಾದಾಗ ತಮಾಷೆ ಮಾಡುವ ಚಟವಿದೆ, ಚಿಕ್ಕಂದಿನಿಂದಲೂ.

ಅವರ ಮುಂದೆ ಮಾತ್ರ ಬೇಡ ಕಂದಾ.

ಅಮ್ಮ